ಚಿಕ್ಕ ಮಗನ ಆಸ್ತಿ ಯಾರ ಕೈಲಿರಬೇಕು? ಗಂಗಾವತಿ ಕಡೆಯ ಒಂದು ಮನೆಯ ಟ್ರಸ್ಟ್ ಪ್ರಕರಣ

ಗಂಗಾವತಿ ತಾಲೂಕಿನ ಒಂದು ಮನೆಯ ಪ್ರಕರಣ ಇದು. ಮನೆಯವರ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ, ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ನಾನು ಕೊಪ್ಪಳ ಜಿಲ್ಲೆಯಲ್ಲಿ ಆಸ್ತಿ ಪತ್ರಗಳ ಕೆಲಸ ಜಾಸ್ತಿ ನೋಡುವ ವಕೀಲ. ನಮ್ಮ ಕಡೆ ಟ್ರಸ್ಟ್ ಅಂದರೆ ಶಾಲೆ, ಕಲ್ಯಾಣ ಮಂಟಪ, ದೇವಸ್ಥಾನ ಇಷ್ಟೇ ಅಂತ ಜನ ತಿಳಿದಿದ್ದಾರೆ. ಒಂದು ಮನೆಯ ಒಬ್ಬನೇ ಮಗನ ಹೊಟ್ಟೆ, ಬಟ್ಟೆ, ಔಷಧಿಗೋಸ್ಕರವೂ ಟ್ರಸ್ಟ್ ಮಾಡಬಹುದು, ಅಂದರೆ ಆಸ್ತಿಯನ್ನು ನಂಬಿಕಸ್ಥರ ಕೈಗೆ ಒಪ್ಪಿಸಿ ಅದರ ಲಾಭ ಆ ಮಗನಿಗೆ ಸಿಗೋ ಹಾಗೆ ಬರೆಯೋದು. ಅದಕ್ಕೆ 1882ರ ಭಾರತೀಯ ಟ್ರಸ್ಟ್ ಕಾಯ್ದೆ ಇದೆ. ದಾನ ಧರ್ಮದ ಟ್ರಸ್ಟ್‌ಗಳಿಗೆ ಆ ಕಾಯ್ದೆ ಅನ್ವಯಿಸುವುದೇ ಇಲ್ಲ, ಅದು ಇರುವುದೇ ಖಾಸಗಿ ಟ್ರಸ್ಟ್‌ಗಳಿಗೆ.

ಮನೆಯ ಸ್ಥಿತಿ ಹೀಗಿತ್ತು. ಯಜಮಾನರಿಗೆ 68 ವರ್ಷ, ಅವರ ಹೆಂಡತಿಗೆ 62. ಕಾಲುವೆ ನೀರಿನ ಭತ್ತದ ಗದ್ದೆ 12 ಎಕರೆ. ಅದರಲ್ಲಿ 4 ಎಕರೆ ಪಿತ್ರಾರ್ಜಿತ, 8 ಎಕರೆ ಅವರೇ ದುಡಿದು ಕೊಂಡಿದ್ದು. ಗಂಗಾವತಿ ಪೇಟೆಯಲ್ಲಿ ಬಾಡಿಗೆಗೆ ಕೊಟ್ಟ ಎರಡು ಮಳಿಗೆ, ಇರೋ ಮನೆ, ಬ್ಯಾಂಕಿನಲ್ಲಿ ಒಂದಿಷ್ಟು ಠೇವಣಿ. ದೊಡ್ಡ ಮಗ ಎಪಿಎಂಸಿಯಲ್ಲಿ ದಲಾಲಿ ಅಂಗಡಿ ಇಟ್ಟಿದ್ದಾನೆ. ಮಗಳು ಶಿಕ್ಷಕಿ, ರಾಯಚೂರಿಗೆ ಕೊಟ್ಟಿದ್ದಾರೆ. ಚಿಕ್ಕ ಮಗನಿಗೆ 31. ಅವನಿಗೆ ಹುಟ್ಟಿನಿಂದ ಬೌದ್ಧಿಕ ಅಂಗವೈಕಲ್ಯ. ತನ್ನ ಊಟ ತಾನು ಮಾಡ್ತಾನೆ, ದನಗಳ ಮೈ ತೊಳೀತಾನೆ, ಮನೆ ಮಂದಿಯನ್ನೆಲ್ಲ ಹಚ್ಚಿಕೊಂಡಿದ್ದಾನೆ. ಆದರೆ ನೂರು ರೂಪಾಯಿ ನೋಟು ಕೊಟ್ಟು ಚಿಲ್ಲರೆ ತಗೊಂಡು ಬಾ ಅಂದರೆ ಆಗಲ್ಲ, ಮೂರ್ಛೆ ರೋಗದ ಮಾತ್ರೆ ದಿನಾ ಯಾರಾದರೂ ನೆನಪಿಟ್ಟು ಕೊಡಬೇಕು.

ಯಜಮಾನರು ನನ್ನ ಹತ್ರ ಬಂದಿದ್ದು ಟ್ರಸ್ಟ್ ಮಾಡೋಕಲ್ಲ. ಎಲ್ಲಾ ದೊಡ್ಡವನ ಹೆಸರಿಗೆ ಉಯಿಲು ಬರೀರಿ, ತಮ್ಮನ್ನ ನೋಡ್ಕೋಬೇಕು ಅಂತ ಒಂದು ಸಾಲು ಹಾಕ್ರಿ, ಸಾಕು ಅಂದರು.

ಇಂಥ ಉಯಿಲನ್ನು ನಾನು ಎಷ್ಟೋ ನೋಡಿದ್ದೇನೆ. ಆ ಒಂದು ಸಾಲಿಗೆ ಎಷ್ಟು ಬಲ ಇದೆ? "ನೋಡಿಕೊಳ್ಳತಕ್ಕದ್ದು" ಅಂತ ಸುಮ್ನೆ ಬರೆದರೆ ಅದು ಆಸೆಯೋ ಆಜ್ಞೆಯೋ ಅಂತ ಮುಂದೆ ಕೋರ್ಟಿನಲ್ಲಿ ವಾದ ನಡೆಯುತ್ತೆ. ದೊಡ್ಡ ಮಗ ಒಳ್ಳೆಯವನೇ, ಅದರಲ್ಲಿ ನನಗೆ ಅನುಮಾನ ಇರಲಿಲ್ಲ. ಆದರೆ ದಲಾಲಿ ಅಂಗಡಿ ಅಂದರೆ ರೈತರಿಗೆ ಬೀಜ ಗೊಬ್ಬರಕ್ಕೆ ಮುಂಗಡ ಕೊಡಬೇಕು, ಅದಕ್ಕೆ ಬ್ಯಾಂಕಿನಿಂದ ಸಾಲ ಎತ್ತಬೇಕು, ಆ ಸಾಲಕ್ಕೆ ಆಸ್ತಿ ಅಡವಿಡಬೇಕು. ಆಸ್ತಿ ಅವನ ಹೆಸರಿಗೆ ಬಂದ ದಿನದಿಂದ ತಮ್ಮನ ಪಾಲಿನ ಅನ್ನವೂ ಆ ಸಾಲದ ಕೆಳಗೇ ಬರುತ್ತೆ. ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳಲ್ಲ. ತಮ್ಮನಿಗಿಂತ ಮೊದಲು ಅಣ್ಣನೇ ಹೋಗಿಬಿಟ್ಟರೆ ಆಸ್ತಿ ಅಣ್ಣನ ಹೆಂಡತಿ ಮಕ್ಕಳಿಗೆ ಹೋಗುತ್ತೆ, ಅವರಿಗೆ ಆ ಒಂದು ಸಾಲಿನ ಹೊಣೆ ಎಷ್ಟು ಅನ್ನೋದು ಮತ್ತೊಂದು ಜಗಳ.

ಹಾಗಿದ್ರೆ ನೇರವಾಗಿ ಚಿಕ್ಕವನ ಹೆಸರಿಗೇ ಬರೆದುಬಿಡಿ ಅಂದರು. ಅವನ ಹೆಸರಿಗೆ ಆಸ್ತಿ ಬರಬಹುದು. ಆದರೆ ಅವನು ಬಾಡಿಗೆ ಕರಾರು ಮಾಡಲಾರ, ಬ್ಯಾಂಕಿನಲ್ಲಿ ಸಹಿ ಹಾಕಲಾರ. ಬ್ಯಾಂಕಿನಲ್ಲಿ ನಾಮಿನಿ ಇದೆಯಲ್ಲ ಅಂದರು. ನಾಮಿನಿ ಅಂದರೆ ದುಡ್ಡು ಇಸಿದುಕೊಳ್ಳುವವನು ಅಷ್ಟೇ, ಒಡೆಯ ಅಲ್ಲ. ಇದನ್ನು ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ.

ಇಲ್ಲಿ ಪೋಷಕರು ಗಮನಿಸಬೇಕಾದ ಒಂದು ಮಾತು. ಮಗನಿಗೆ 18 ತುಂಬಿದ ಮೇಲೆ ಅಪ್ಪ ಅವ್ವ ಕಾನೂನಿನ ಕಣ್ಣಲ್ಲಿ ತಾನೇ ತಾನಾಗಿ ಗಾರ್ಡಿಯನ್ ಆಗಿ ಉಳಿಯಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಜಿಲ್ಲಾಧಿಕಾರಿ ಮಟ್ಟದ ಅಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಕಾನೂನುಬದ್ಧ ಗಾರ್ಡಿಯನ್ ಅಂತ ನೇಮಕ ಮಾಡಿಸಿಕೊಳ್ಳಬೇಕು. ನೇಮಕ ಆದ 6 ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಕೊಡಬೇಕು, ವರ್ಷ ವರ್ಷ ಲೆಕ್ಕ ಕೊಡಬೇಕು. ಈ ಮನೆಯವರು 13 ವರ್ಷದಿಂದ ಯಾವ ಅರ್ಜಿಯೂ ಹಾಕಿರಲಿಲ್ಲ. ಮೊದಲು ಅದನ್ನು ಮಾಡಿಸಿದೆವು, ತಾಯಿಯ ಹೆಸರಲ್ಲಿ. ಗಾರ್ಡಿಯನ್ ಅವನ ಪರವಾಗಿ ನಿಲ್ಲುವವರು. ಆಸ್ತಿ ಹಿಡಿದು, ಬೆಳೆಸಿ, ಖರ್ಚು ಮಾಡಿ, ಲೆಕ್ಕ ಒಪ್ಪಿಸುವ ಕೆಲಸಕ್ಕೆ ಟ್ರಸ್ಟಿ ಬೇಕು. ಅದಕ್ಕೇ ಅವನಿಗೋಸ್ಕರ ಒಂದು ಟ್ರಸ್ಟ್ ಮಾಡೋಣ ಅಂದೆ.

ಟ್ರಸ್ಟಿ ಯಾರು?

ಪತ್ರ ಬರೆಯೋದಕ್ಕಿಂತ ಈ ಪ್ರಶ್ನೆಗೇ ಜಾಸ್ತಿ ಸಮಯ ಹೋಯಿತು. ಹೋಗಬೇಕಾದ್ದೇ.

ಯಜಮಾನರ ಮೊದಲ ಆಯ್ಕೆ ದೊಡ್ಡ ಮಗ. ಅವನು ಒಬ್ಬನೇ ಟ್ರಸ್ಟಿ. ನಾನು ಬೇಡ ಅಂದೆ, ಅವನ ಎದುರಿಗೇ ಹೇಳಿದೆ. ಟ್ರಸ್ಟ್ ಕಾಯ್ದೆಯ 60ನೇ ಕಲಂ, ಫಲಾನುಭವಿಗೆ, ಅಂದರೆ ಟ್ರಸ್ಟ್ ಯಾರಿಗೋಸ್ಕರ ಇದೆಯೋ ಅವನಿಗೆ, ತಕ್ಕ ಟ್ರಸ್ಟಿಗಳು ಸಿಗುವುದು ಅವನ ಹಕ್ಕು ಅನ್ನುತ್ತೆ. ಯಾರು ತಕ್ಕವರಲ್ಲ ಅಂತಲೂ ಅಲ್ಲೇ ಬರೆದಿದೆ: ವಿದೇಶದಲ್ಲಿ ನೆಲೆಸಿದವರು, ದಿವಾಳಿ ಆದವರು, ಮುಖ್ಯವಾಗಿ ಫಲಾನುಭವಿಯ ಹಿತಕ್ಕೆ ಎದುರಾದ ಹಿತ ಇರುವವರು. ಈ ಕೊನೆಯದನ್ನು ನಮ್ಮ ಜನ ತಪ್ಪು ತಿಳಿಯುತ್ತಾರೆ. ಎದುರಾದ ಹಿತ ಅಂದರೆ ಕೆಟ್ಟ ಮನಸ್ಸು ಅಂತ ಅಲ್ಲ. ತಮ್ಮನಿಗೆ ತಿಂಗಳಿಗೆ 15 ಸಾವಿರ ಖರ್ಚು ಮಾಡಿದರೆ ಕೊನೆಗೆ ಉಳಿಯೋದು ಕಡಿಮೆ, 5 ಸಾವಿರ ಖರ್ಚು ಮಾಡಿದರೆ ಉಳಿಯೋದು ಜಾಸ್ತಿ. ಆ ಉಳಿದದ್ದು ಯಾರಿಗೆ ಹೋಗುತ್ತೋ ಅವರ ಕೈಗೇ ಖರ್ಚಿನ ಅಧಿಕಾರ ಕೊಟ್ಟರೆ, ಎಂಥ ಒಳ್ಳೆ ಮನುಷ್ಯನಾದರೂ ಫಿಸಿಯೋಥೆರಪಿ ಈಗ ಬೇಕಾ, ಹಲ್ಲಿನ ಚಿಕಿತ್ಸೆ ಮುಂದಿನ ವರ್ಷ ಮಾಡಿಸಿದರಾಯ್ತಲ್ವಾ ಅನ್ನೋ ಕಡೆಗೇ ಜಾರುತ್ತಾನೆ. ಗೊತ್ತಿಲ್ಲದೇ ಜಾರುತ್ತಾನೆ.

ಎರಡನೇ ಹೆಸರು ಯಜಮಾನರ ಅಣ್ಣನ ಮಗ, ಅಮೆರಿಕದಲ್ಲಿದ್ದಾನೆ. ಮನೆಯ ಹೆಮ್ಮೆ, ಓದಿದವನು, ಕೈ ಶುದ್ಧ ಅಂತ ಎಲ್ಲರೂ ಒಪ್ಪಿದರು. ಆದರೆ ವಿದೇಶದಲ್ಲೇ ನೆಲೆಸಿದವನು ತಕ್ಕವನಲ್ಲ ಅಂತ ಕಾಯ್ದೆಯೇ ಹೇಳುತ್ತೆ, ಅದಕ್ಕೆ ಸರಿಯಾದ ಕಾರಣವೂ ಇದೆ. ಮಳಿಗೆಯ ಶಟರ್ ಮುರಿದರೆ, ಬಾಡಿಗೆದಾರ ಖಾಲಿ ಮಾಡಿದರೆ, ರಾತ್ರಿ ಆಸ್ಪತ್ರೆಗೆ ಸೇರಿಸಬೇಕಾದರೆ ಅವನು ಏನು ಮಾಡಲು ಸಾಧ್ಯ? ಬೇರೆಯವರಿಗೆ ಅಧಿಕಾರ ಬರೆದುಕೊಟ್ಟು ಕೂರೋಣ ಅಂದರೆ, ಟ್ರಸ್ಟಿ ತನ್ನ ಕೆಲಸವನ್ನು ಇನ್ನೊಬ್ಬರ ಹೆಗಲಿಗೆ ದಾಟಿಸೋಕೆ 47ನೇ ಕಲಂ ಸುಲಭಕ್ಕೆ ಬಿಡಲ್ಲ.

ಸೋದರಮಾವ ಬೇಕು ಅಂತ ತಾಯಿ ಹಟ ಹಿಡಿದರು. ಅವರಿಗೆ ಆಗಲೇ 66. ಚಿಕ್ಕವನಿಗೆ ಇನ್ನೂ 40 ವರ್ಷದ ಬದುಕಿದೆ ಅಂತ ಲೆಕ್ಕ ಹಾಕಿ ನಾವು ಕೂತಿದ್ದೇವೆ. ಟ್ರಸ್ಟಿಯ ವಯಸ್ಸು ಫಲಾನುಭವಿಯ ವಯಸ್ಸಿಗೆ ಹತ್ತಿರ ಇರಬೇಕು, ಅಪ್ಪನ ವಯಸ್ಸಿಗಲ್ಲ. ಇದನ್ನು ಅವರು ತಾವೇ ಒಪ್ಪಿಕೊಂಡು, ನನ್ನ ಬದಲು ನನ್ನ ಮಗನ್ನ ತಗೊಳ್ರಿ ಅಂದರು. ಆ ಮಗ ಕೊಪ್ಪಳದಲ್ಲಿ ಪಿಯು ಉಪನ್ಯಾಸಕ. ಈ ಮನೆಯ ಆಸ್ತಿಯಲ್ಲಿ ಅವನಿಗೆ ಯಾವ ಪಾಲೂ ಬರಲ್ಲ. ನನಗೆ ಬೇಕಾಗಿದ್ದೂ ಅದೇ.

ಮಠದ ಅಜ್ಜಾರನ್ನೇ ಟ್ರಸ್ಟಿ ಮಾಡೋಣ ಅನ್ನೋ ಮಾತೂ ಬಂತು. ಈ ಭಾಗದಲ್ಲಿ ಅಜ್ಜಾರ ಮಾತು ಅಂದರೆ ಎರಡು ಮಾತಿಲ್ಲ, ಮನೆಯವರ ಭಕ್ತಿ ನನಗೆ ಅರ್ಥ ಆಗುತ್ತೆ. ಆದರೆ ತಿಂಗಳ ಬಾಡಿಗೆ ರಸೀದಿಗೆ, ಬ್ಯಾಂಕಿನ ಕೆವೈಸಿಗೆ ಅವರನ್ನು ಹೇಗೆ ಕಾಡೋದು? ಅವರ ಹತ್ರ ಹೋಗಿ ಕೇಳಿದಾಗ ಅವರೂ ಬೇಡ ಅಂದರಂತೆ, ಹುಡುಗನಿಗೆ ಆಶೀರ್ವಾದ ಮಾಡಿ ಕಳಿಸಿದರಂತೆ. ಟ್ರಸ್ಟಿ ಆಗಲೇಬೇಕು ಅಂತ ಯಾರನ್ನೂ ಕಾನೂನು ಕಟ್ಟಿಹಾಕಲ್ಲ. ಆದರೆ ಒಮ್ಮೆ ಒಪ್ಪಿಕೊಂಡ ಮೇಲೆ ಸುಮ್ನೆ ಕೈಬಿಡೋಕೆ ಬರಲ್ಲ. ಪತ್ರದಲ್ಲಿ ದಾರಿ ಇರಬೇಕು, ಇಲ್ಲಾಂದ್ರೆ ಫಲಾನುಭವಿಯ ಒಪ್ಪಿಗೆ ಬೇಕು, ಇಲ್ಲಾಂದ್ರೆ ಕೋರ್ಟಿನ ಅನುಮತಿ. ಇಲ್ಲಿ ಫಲಾನುಭವಿ ಒಪ್ಪಿಗೆ ಕೊಡಲಾರ. ಹಾಗಾಗಿ ರಾಜೀನಾಮೆಯ ದಾರಿಯನ್ನು ಪತ್ರದಲ್ಲೇ ಬರೆದೆವು: 3 ತಿಂಗಳ ಮುಂಚೆ ನೋಟಿಸ್, ಲೆಕ್ಕ ಒಪ್ಪಿಸಿ, ಬದಲಿಯವರು ಬಂದ ಮೇಲೆ ಬಿಡುಗಡೆ.

ಕಂಪನಿ ಟ್ರಸ್ಟಿಗಳೂ ಇದ್ದಾರೆ, ದೊಡ್ಡ ಬ್ಯಾಂಕುಗಳಿಗೆ ಸೇರಿದ ಸಂಸ್ಥೆಗಳು. ಅವರು ಸಾಯಲ್ಲ, ಊರು ಬಿಡಲ್ಲ, ಲೆಕ್ಕ ಪಕ್ಕಾ. ಎರಡು ಮಳಿಗೆ ಬಾಡಿಗೆಯ ಟ್ರಸ್ಟ್‌ಗೆ ಅವರ ಶುಲ್ಕ ಹೊರೆ ಆಗುತ್ತೆ ಅಂತ ಬಿಟ್ಟೆವು.

ಉಳಿದಿದ್ದು ಮಗಳು. ಇಲ್ಲಿ ಯಜಮಾನರ ತಮ್ಮ ಒಂದು ತಕರಾರು ಎತ್ತಿದರು. ಕೊಟ್ಟ ಹೆಣ್ಣು, ಆಕೆ ಗಂಡನ ಮನೆಯವರು ನಮ್ಮ ಲೆಕ್ಕದಲ್ಲಿ ಕೈಹಾಕ್ತಾರೆ ಅಂತ. ಅವರಿಗೆ ಗೊತ್ತಿರಲಿಲ್ಲ, ಆ 60ನೇ ಕಲಮಿನಲ್ಲೇ ಮದುವೆಯಾದ ಹೆಂಗಸನ್ನೂ ತಕ್ಕವಳಲ್ಲದವರ ಸಾಲಿಗೆ ಸೇರಿಸಿದ್ದಾರೆ. ಆದರೆ ಫಲಾನುಭವಿಯ ಸ್ವಂತ ಕಾನೂನು ಬೇರೆ ಹೇಳದಿದ್ದರೆ ಮಾತ್ರ ಅಂತ ಷರತ್ತಿದೆ. ಹಿಂದೂ ಹೆಣ್ಣುಮಗಳು 1956ರ ಉತ್ತರಾಧಿಕಾರ ಕಾಯ್ದೆಯಿಂದ ತನ್ನ ಆಸ್ತಿಗೆ ಪೂರ್ತಿ ಒಡತಿ. 140 ವರ್ಷದ ಹಿಂದಿನ ಆ ಮಾತಿನ ನೆಪದಲ್ಲಿ ಇವತ್ತು ಅಕ್ಕನನ್ನು ದೂರ ಇಡೋದು ಅನ್ಯಾಯ ಅಂತ ನಾನು ನೇರವಾಗಿ ಹೇಳಿದೆ. ಹೋಗಲಿ, ತಮ್ಮನ ಮಾತ್ರೆಯ ಹೆಸರು, ಡೋಸು, ಡಾಕ್ಟರ ಫೋನ್ ನಂಬರು ಬಾಯಿಪಾಠ ಇದ್ದಿದ್ದು ಆ ಮನೆಯಲ್ಲಿ ತಾಯಿ ಬಿಟ್ಟರೆ ಆಕೆಗೇ.

ಕೊನೆಗೆ ಹೀಗಾಯ್ತು. ಅಪ್ಪ ಇರುವವರೆಗೆ ಅಪ್ಪ, ಮಗಳು, ಸೋದರಮಾವನ ಮಗ, ಮೂವರು ಟ್ರಸ್ಟಿಗಳು. ದುಡ್ಡು ಹಿಡಿಯುವ ಟ್ರಸ್ಟಿನಲ್ಲಿ ಕಡೇ ಪಕ್ಷ ಇಬ್ಬರು ಟ್ರಸ್ಟಿಗಳು ಇರಬೇಕು ಅಂತ ಕಾಯ್ದೆಯೂ ಹೇಳುತ್ತೆ. ಪತ್ರದಲ್ಲಿ ಬೇರೆ ಬರೆಯದಿದ್ದರೆ ಎಲ್ಲರೂ ಸೇರಿಯೇ ಸಹಿ ಮಾಡಬೇಕು. ಅದಕ್ಕೆ ದಿನನಿತ್ಯದ ಖರ್ಚಿಗೆ ಯಾರಾದರೂ ಇಬ್ಬರ ಸಹಿ, ಮಳಿಗೆ ಮಾರೋದಾದರೆ ಮೂವರದೂ ಅಂತ ಬರೆದೆವು. ಅಪ್ಪನ ನಂತರ ಮೂರನೇ ಜಾಗಕ್ಕೆ ಯಾರು ಅನ್ನೋದಕ್ಕೆ ಎರಡು ಹೆಸರು ಕ್ರಮವಾಗಿ ಇವೆ, ಇಬ್ಬರೂ ಒಪ್ಪದಿದ್ದರೆ ಉಳಿದ ಟ್ರಸ್ಟಿಗಳು ಆರಿಸಬೇಕು, ಆದರೆ ಆ ಮೂರನೆಯವರಿಗೆ ಆಸ್ತಿಯಲ್ಲಿ ಪಾಲು ಇರಬಾರದು. ಅಪ್ಪ ಬದುಕಿರುವಾಗಲೇ ಟ್ರಸ್ಟ್ ಶುರು ಮಾಡಿಸಿದ್ದಕ್ಕೆ ನನ್ನ ದೊಡ್ಡ ಕಾರಣ ಇದೇ: ಮಗಳು ಲೆಕ್ಕ ಹೇಗೆ ಇಡ್ತಾಳೆ, ಇಬ್ಬರೂ ಕೂಡಿ ಕೆಲಸ ಮಾಡ್ತಾರಾ ಅಂತ ಅಪ್ಪ ಕಣ್ಣಾರೆ ನೋಡಬಹುದು, ಸರಿ ಬರದಿದ್ದರೆ ಬದಲಿಸಬಹುದು.

ದೊಡ್ಡ ಮಗ ಮತ್ತು ಸೊಸೆ

ದೊಡ್ಡ ಮಗನಿಗೆ ಬೇಜಾರಾಯ್ತು. ನನ್ನ ಮೇಲೆ ನಂಬಿಕೆ ಇಲ್ವಾ ಅಪ್ಪಾಜಿ ಅಂದ. ಅವನಿಗೆ ಎರಡು ಕೆಲಸ ಕೊಟ್ಟೆವು. ಒಂದು, ತಮ್ಮ ಇರುವುದು ಅವನ ಮನೆಯಲ್ಲೇ. ಎರಡು, ಪ್ರತಿ ವರ್ಷ ಟ್ರಸ್ಟಿನ ಲೆಕ್ಕವನ್ನು ಬಳ್ಳಾರಿಯ ಒಬ್ಬ ಆಡಿಟರ್ ನೋಡಬೇಕು, ಅದರ ಪ್ರತಿ ಅವನಿಗೆ ಕೊಡಲೇಬೇಕು, ಅವನು ಪ್ರಶ್ನೆ ಕೇಳಿದರೆ ಟ್ರಸ್ಟಿಗಳು ಲಿಖಿತವಾಗಿ ಉತ್ತರಿಸಬೇಕು. ದುಡ್ಡು ಅಕ್ಕನ ಕೈಲಿ, ಆರೈಕೆ ಅಣ್ಣನ ಮನೆಯಲ್ಲಿ. ಒಬ್ಬರನ್ನು ಇನ್ನೊಬ್ಬರು ನೋಡುತ್ತಿರುತ್ತಾರೆ.

ಇಷ್ಟೆಲ್ಲ ಚರ್ಚೆಯಲ್ಲಿ ಒಬ್ಬರು ಮಾತ್ರ ಒಂದೂ ಮಾತಾಡಿರಲಿಲ್ಲ. ದೊಡ್ಡ ಸೊಸೆ. ಅತ್ತೆ ಮಂಡಿನೋವಿನಿಂದ ಕೂತ ಮೇಲೆ ಮೈದುನನ ಬಟ್ಟೆ, ಊಟ, ರಾತ್ರಿ ಮೂರ್ಛೆ ಬಂದರೆ ಎದ್ದು ನೋಡೋದು ಎಲ್ಲ ಅವರೇ. ಪತ್ರದ ಮೊದಲ ಕರಡಿನಲ್ಲಿ ಅವರ ಹೆಸರೇ ಇರಲಿಲ್ಲ. ಮನೆ ಸೊಸೆಗೆ ಸಂಬಳ ಕೊಡೋದಾ ಅಂತ ಯಜಮಾನರು ಮುಜುಗರಪಟ್ಟರು. ನಂತರ ಅವರೇ, ಚಿಕ್ಕವನ ಕಾಲಾನಂತರ ಉಳಿದದ್ದರಲ್ಲಿ ಒಂದು ಮಳಿಗೆ ಸೊಸೆಗೆ ಹೋಗಲಿ ಅಂದರು. ನಾನು ಅದನ್ನು ಒಪ್ಪಲಿಲ್ಲ. ಅವನು ಹೋದ ಮೇಲೆ ಲಾಭ ಸಿಗೋ ಹಾಗೆ ಯಾವ ಪತ್ರವನ್ನೂ ಬರೆಯಬಾರದು, ಅವನು ಬದುಕಿದಷ್ಟು ದಿನ ನೋಡಿಕೊಳ್ಳುವವರ ಕೈಗೆ ದುಡ್ಡು ಬರೋ ಹಾಗೆ ಬರೆಯಬೇಕು. ಈಗ ಆರೈಕೆಯ ಲೆಕ್ಕದಲ್ಲಿ ಪ್ರತಿ ತಿಂಗಳು ಸೊಸೆಯ ಸ್ವಂತ ಖಾತೆಗೆ ಒಂದು ಮೊತ್ತ ಹೋಗುತ್ತೆ. ಮುಂದೆ ಆರೈಕೆ ಬೇರೆ ಯಾರಾದರೂ ಮಾಡಿದರೆ ಆ ಮೊತ್ತ ಅವರಿಗೆ. ಕೊನೆಯಲ್ಲಿ ಉಳಿದದ್ದು ಮೊಮ್ಮಕ್ಕಳಿಗೆ ಸಮನಾಗಿ. ಮಗಳ ಮಗುವಿಗೂ ಅದರಲ್ಲಿ ಪಾಲಿರೋದರಿಂದಲೇ ಪಾಲಿಲ್ಲದ ಇನ್ನೊಬ್ಬ ಟ್ರಸ್ಟಿ ಜೊತೆಗಿರೋದು ಅಷ್ಟು ಮುಖ್ಯ.

ಟ್ರಸ್ಟಿಗಳಿಗೆ ಸಂಬಳ ಇಲ್ಲ. ಪತ್ರದಲ್ಲಿ ಬರೆಯದ ಹೊರತು ಟ್ರಸ್ಟಿ ಸಂಬಳ ಕೇಳೋಕಾಗಲ್ಲ ಅಂತ 50ನೇ ಕಲಂ. ಓಡಾಟದ ಖರ್ಚು ಮಾತ್ರ ಬರೆದೆವು.

ಟ್ರಸ್ಟ್‌ಗೆ ಏನು ಹಾಕೋದು

ಮಳಿಗೆಗಳು ಎರಡೂ ಟ್ರಸ್ಟ್‌ಗೆ ಬಂದವು, ಜೊತೆಗೆ ತಾಯಿಯ ಠೇವಣಿ. ಸ್ಥಿರಾಸ್ತಿ ಇರುವ ಟ್ರಸ್ಟ್ ಬಾಯಿಮಾತಿನಲ್ಲಿ ಆಗಲ್ಲ. ಒಂದೋ ನೋಂದಾಯಿತ ಪತ್ರ ಬೇಕು, ಇಲ್ಲಾ ಉಯಿಲಿನಲ್ಲಿ ಬರೆಯಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ, ನಗರಸಭೆ ಖಾತೆ ಬದಲಿಸಿ, ಟ್ರಸ್ಟ್‌ಗೆ ಬೇರೆ ಪ್ಯಾನ್, ಬೇರೆ ಬ್ಯಾಂಕ್ ಖಾತೆ ತೆಗೆಸಿದೆವು. ಬಾಡಿಗೆದಾರರು ಈಗ ಆ ಖಾತೆಗೇ ಕಟ್ಟಬೇಕು.

ರದ್ದು ಮಾಡುವ ಹಕ್ಕು ನನಗಿರಲಿ ಅಂದರು ಯಜಮಾನರು. ಬರೆದಿಟ್ಟುಕೊಂಡರೆ ಇರುತ್ತೆ, ಬರೆಯದಿದ್ದರೆ ಆಮೇಲೆ ಸಿಗಲ್ಲ. ಆದರೆ 80ರ ವಯಸ್ಸಿನಲ್ಲಿ ಯಾರೋ ಒತ್ತಾಯ ಮಾಡಿ ಸಹಿ ಹಾಕಿಸಿಕೊಂಡರೆ? ಅದಕ್ಕೆ ಇಬ್ಬರೂ ಸೇರಿ ಟ್ರಸ್ಟ್ ಮಾಡಿದ ಹಾಗೆ ಬರೆದು, ರದ್ದು ಮಾಡೋಕೆ ಗಂಡ ಹೆಂಡತಿ ಇಬ್ಬರ ಸಹಿಯೂ ಬೇಕು ಅಂದೆವು. ಒಬ್ಬರು ಹೋದರೆ ಆ ಹಕ್ಕೂ ಮುಗಿಯುತ್ತೆ. ರದ್ದು ಮಾಡುವ ಹಕ್ಕು ಇರುವವರೆಗೆ ಆದಾಯ ತೆರಿಗೆ ಲೆಕ್ಕ ಆಸ್ತಿ ಕೊಟ್ಟವರ ಹೆಸರಲ್ಲೇ ನಡೆಯುತ್ತೆ. ಆಮೇಲೆ ಟ್ರಸ್ಟಿನ ಆದಾಯ ಪೂರ್ತಿ ಚಿಕ್ಕವನೊಬ್ಬನದೇ ಅಂತ ಸ್ಪಷ್ಟವಾಗಿ ಬರೆದಿದ್ದೇವೆ. ಯಾರಿಗೆ ಎಷ್ಟು ಅನ್ನೋದನ್ನು ಟ್ರಸ್ಟಿಗಳ ಇಷ್ಟಕ್ಕೆ ಬಿಟ್ಟಿದ್ದರೆ ಅತಿ ಹೆಚ್ಚಿನ ದರದ ತೆರಿಗೆ ಬೀಳುವ ಅಪಾಯ ಇತ್ತು.

ಗದ್ದೆಯದು ಬೇರೆ ಕಥೆ. ಪಿತ್ರಾರ್ಜಿತ 4 ಎಕರೆಯಲ್ಲಿ ಮೂವರು ಮಕ್ಕಳಿಗೂ ಹುಟ್ಟಿನಿಂದ ಹಕ್ಕಿದೆ, ಮಗಳಿಗೂ ಸಮನಾಗಿ. 2020ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಅದರಲ್ಲಿ ವಾದಕ್ಕೆ ಜಾಗ ಇಲ್ಲ. ಅಪ್ಪ ಬರೆಯಬಹುದಾದ್ದು ತನ್ನ ಪಾಲನ್ನು ಮಾತ್ರ. ಸ್ವಯಾರ್ಜಿತ 8 ಎಕರೆಯನ್ನು ಟ್ರಸ್ಟ್‌ಗೆ ಹಾಕೋಣ ಅಂದರೆ, ರಾಯಚೂರಿನ ಶಿಕ್ಷಕಿ, ಕೊಪ್ಪಳದ ಉಪನ್ಯಾಸಕ ಭತ್ತ ಬೆಳೆಯೋದು ಹೇಗೆ? ಲೀಸಿಗೆ ಕೊಡಬೇಕಾಗುತ್ತೆ. ಊರಲ್ಲಿ ಎಲ್ಲರೂ ಬಾಯಿಮಾತಲ್ಲಿ ಲೀಸಿಗೆ ಕೊಡ್ತಾರೆ ನಿಜ. ಆದರೆ ಕರ್ನಾಟಕದಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡೋದಕ್ಕೆ ಭೂ ಸುಧಾರಣಾ ಕಾಯ್ದೆಯ ತಡೆ 1974ರಿಂದ ಇದೆ. ಲೆಕ್ಕ ಬರೆದು ತೋರಿಸಬೇಕಾದ ಟ್ರಸ್ಟಿಯನ್ನು ಆ ಇಕ್ಕಟ್ಟಿಗೆ ತಳ್ಳೋದು ಬೇಡ ಅನ್ನಿಸಿತು.

ಹಾಗಾಗಿ 8 ಎಕರೆ ಉಯಿಲಿನಲ್ಲಿ ದೊಡ್ಡ ಮಗನಿಗೆ. ಆದರೆ ಅದರ ಮೇಲೆ ಒಂದು ಭಾರ ಇದೆ: ಪ್ರತಿ ಬೆಳೆಗೆ 75 ಕೆಜಿಯ 40 ಚೀಲ ಸೋನಾ ಮಸೂರಿ ಭತ್ತದ ಬೆಲೆಯನ್ನು, ಆ ತಿಂಗಳ ಗಂಗಾವತಿ ಎಪಿಎಂಸಿ ದರದಲ್ಲಿ, ಟ್ರಸ್ಟಿನ ಖಾತೆಗೆ ಕಟ್ಟಬೇಕು. ಕಟ್ಟದಿದ್ದರೆ ಜಮೀನಿನಿಂದಲೇ ವಸೂಲಿ ಮಾಡುವ ಹಕ್ಕು ಟ್ರಸ್ಟಿಗಳಿಗೆ. ಖಾತೆ ಬದಲಾಗುವಾಗ ಪಹಣಿಯ 11ನೇ ಕಾಲಮಿನಲ್ಲಿ ಇದನ್ನು ಬರೆಸಬೇಕು ಅಂತಲೂ ಉಯಿಲಿನಲ್ಲಿದೆ, ಆಗ ಕೊಳ್ಳುವವರಿಗೂ ಬ್ಯಾಂಕಿಗೂ ಕಾಣುತ್ತೆ. ರೂಪಾಯಿ ಲೆಕ್ಕ ಬರೆದಿದ್ದರೆ 20 ವರ್ಷದ ನಂತರ ಅದಕ್ಕೆ ಏನು ಬೆಲೆ ಇರುತ್ತಿತ್ತು? ಚೀಲದ ಲೆಕ್ಕ ಬೆಲೆ ಏರಿದ ಹಾಗೆ ತಾನೂ ಏರುತ್ತೆ. ಕಾಲುವೆಗೆ ನೀರು ಬರದೆ ಎರಡನೇ ಬೆಳೆ ಹೋದರೆ ಅಣ್ಣನ ಮೇಲೂ ಭಾರ ಬೀಳಲ್ಲ. ಈ ಚೀಲದ ಉಪಾಯ ಹೇಳಿದ್ದು ದೊಡ್ಡ ಮಗನೇ.

ಮೊದಲ ಪರೀಕ್ಷೆ

ಟ್ರಸ್ಟ್ ನೋಂದಣಿಯಾಗಿ ಕೆಲವೇ ತಿಂಗಳಾಗಿತ್ತು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಯಿತು. ಆ ವಾರ ಇಡೀ ಅಚ್ಚುಕಟ್ಟಿನಲ್ಲಿ ಜನರ ಮುಖ ನೋಡೋಕಾಗುತ್ತಿರಲಿಲ್ಲ. ರೈತರಿಗೆ ಕೊಟ್ಟ ಮುಂಗಡ ವಾಪಸ್ ಬರುತ್ತೋ ಇಲ್ವೋ ಅಂತ ದಲಾಲಿ ಅಂಗಡಿಗಳಲ್ಲೂ ದಿಗಿಲು. ದೊಡ್ಡ ಮಗ ತಂಗಿಗೆ ಫೋನ್ ಮಾಡಿದ: ತಂಗೀ, ತಮ್ಮನ ಠೇವಣಿ ಸುಮ್ನೆ ಬಿದ್ದಿದೆ, 4 ಲಕ್ಷ ಕೊಡು, ಸುಗ್ಗಿಗೆ ಬಡ್ಡಿ ಸಮೇತ ಹಾಕ್ತೀನಿ.

ಪತ್ರದಲ್ಲಿ ಒಂದು ಷರತ್ತಿತ್ತು. ಕುಟುಂಬದ ಯಾರಿಗೂ, ಯಾವ ಕಾರಣಕ್ಕೂ ಟ್ರಸ್ಟಿನಿಂದ ಸಾಲ ಇಲ್ಲ, ಜಾಮೀನೂ ಇಲ್ಲ. ಆಕೆ ಬರಲ್ಲ ಅಂದರು. ನನಗೆ ಕೊಡೋ ಮನಸ್ಸಿದೆ ಅಣ್ಣ, ಅಧಿಕಾರ ಇಲ್ಲ ಅಂದರಂತೆ. ಅಣ್ಣ ಸಿಟ್ಟಾದ. ದಸರೆಗೆ ತವರಿಗೆ ಬಂದಾಗಲೂ ಮಾತು ಕಮ್ಮಿಯೇ ಇತ್ತಂತೆ. ಅಪ್ಪನೂ ಒಂದು ಹಂತದಲ್ಲಿ ಮೆತ್ತಗಾಗಿ, ಇದೊಂದು ಸಲ ಕೊಡೋಣ ಅಂತ ನನಗೆ ಫೋನ್ ಮಾಡಿದರು. ಇಬ್ಬರು ಟ್ರಸ್ಟಿಗಳು ಒಪ್ಪಲಿಲ್ಲ, ಪತ್ರವೂ ಒಪ್ಪಲ್ಲ, ಆದ್ದರಿಂದ ಆಗಲಿಲ್ಲ. ಕೊನೆಗೆ ಅಪ್ಪ ತಮ್ಮ ಸ್ವಂತ ಹಣದಿಂದ ಒಂದಿಷ್ಟು ಕೊಟ್ಟರು, ಅದು ಅವರ ಇಷ್ಟ. ಆ ಷರತ್ತು ಇಲ್ಲದಿದ್ದರೆ ತಂಗಿ ತಾನಾಗಿ ಇಲ್ಲ ಅಂದ ಹಾಗಾಗುತ್ತಿತ್ತು, ಅಣ್ಣ ತಂಗಿಯರ ಸಂಬಂಧ ಅಷ್ಟು ಬೇಗ ಸರಿಹೋಗುತ್ತಿತ್ತು ಅಂತ ನನಗನ್ನಿಸಲ್ಲ. ಹೊತ್ತಿಗೆ ಸರಿಯಾಗಿ ಡ್ಯಾಮ್ ಮತ್ತೆ ತುಂಬಿತು. ಮುಂದಿನ ಯುಗಾದಿಗೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದರು ಅಂತ ತಾಯಿ ಹೇಳಿದರು.

ಮೊದಲ ವರ್ಷದ ಲೆಕ್ಕದಲ್ಲಿ ದೊಡ್ಡ ಮಗ ಒಂದು ಪ್ರಶ್ನೆ ಕೇಳಿದ. ಒಂದು ಮಳಿಗೆಯ ಬಾಡಿಗೆ ಎರಡು ತಿಂಗಳು ಬಂದಿಲ್ಲ, ಯಾಕೆ? ಟ್ರಸ್ಟಿಗಳು ನೋಡಿಯೇ ಇರಲಿಲ್ಲ. ಬಾಡಿಗೆದಾರ ಹಳೇ ಅಭ್ಯಾಸದಂತೆ ಯಜಮಾನರ ಕೈಗೆ ನಗದು ಕೊಟ್ಟಿದ್ದ, ಅವರು ಮನೆ ಖರ್ಚಿಗೆ ಬಳಸಿಬಿಟ್ಟಿದ್ದರು. ಯಜಮಾನರು ಅಷ್ಟನ್ನೂ ಟ್ರಸ್ಟ್ ಖಾತೆಗೆ ವಾಪಸ್ ಕಟ್ಟಿದರು. ಟ್ರಸ್ಟಿ ತಾನೇ ಆಸ್ತಿ ಕೊಟ್ಟವನಾದರೂ, ಕೊಟ್ಟ ಮೇಲೆ ಅದು ಅವನ ಕಿಸೆ ಅಲ್ಲ.

ಇನ್ನೂ ಬಾಕಿ ಇರೋದು ಎರಡು ಕೆಲಸ. ತಾಯಿಯ ನಂತರ ಗಾರ್ಡಿಯನ್ ಯಾರು ಅನ್ನೋದು ತೀರ್ಮಾನ ಆಗಿಲ್ಲ. ನನ್ನ ಸಲಹೆ ಸೊಸೆ, ಅವರು ಯೋಚನೆ ಮಾಡ್ತೀನಿ ಅಂದಿದ್ದಾರೆ. ಅವರು ಬೇಡ ಅಂದರೂ ಯಾರೂ ಬೇಸರ ಮಾಡಿಕೊಳ್ಳಬಾರದು ಅಂತ ಮನೆಯವರಿಗೆ ಹೇಳಿದ್ದೇನೆ. ಇನ್ನೊಂದು, ತಾಯಿ ಹೇಳಿ ಮಗಳು ಬರೆದುಕೊಳ್ಳುತ್ತಿರುವ ಒಂದು ನೋಟ್‌ಬುಕ್. ಅವನಿಗೆ ಯಾವ ಮಾತ್ರೆ ಊಟಕ್ಕೆ ಮೊದಲು, ಪಟಾಕಿ ಸದ್ದಿಗೆ ಹೆದರಿದರೆ ಏನು ಮಾಡಬೇಕು, ಜಾತ್ರೆಗೆ ಕರೆದುಕೊಂಡು ಹೋದರೆ ಎಷ್ಟು ಹೊತ್ತು ತಡೀತಾನೆ, ಎಲ್ಲ ಅದರಲ್ಲಿದೆ. ಕಾನೂನಿನ ದೃಷ್ಟಿಯಲ್ಲಿ ಅದಕ್ಕೆ ಬಲ ಇಲ್ಲ, ಆದರೆ ಮುಂದೆ ಬರುವ ಟ್ರಸ್ಟಿ ಖರ್ಚು ಮಂಜೂರು ಮಾಡುವ ಮುಂಚೆ ಅದನ್ನು ಓದಲೇಬೇಕು ಅಂತ ಪತ್ರದಲ್ಲಿ ಸೇರಿಸಿದ್ದೇವೆ.